ಎರೆ ಹೊಲದಲ್ಲಿ ಎಳೆದೊಯ್ಯುವ ಕ್ಯಾಬಿನ್: ಯಾವ ಬುನಾದಿ, ಯಾವ ನೆಲ?

ಕಲಬುರಗಿಯ ಎರೆ ಮಣ್ಣು ತನ್ನ ಮೇಲೆ ಕಟ್ಟಿದ್ದನ್ನು ಸುಮ್ನೆ ಇರಲು ಬಿಡುವುದಿಲ್ಲ. ಮಳೆಗೆ ಉಬ್ಬುತ್ತದೆ. ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನಮಗೆ ಬೇಕಿದ್ದದ್ದು 10 ಅಡಿ ಉದ್ದ, 8 ಅಡಿ ಅಗಲದ ಕ್ಯಾಬಿನ್. ತೊಗರಿ ರಾಶಿ ಮುಗಿಯುವ ತನಕ ಕೆಳಗಿನ ಎರೆ ಹೊಲದಲ್ಲಿರಬೇಕು, ಆಮೇಲೆ ಟ್ರ್ಯಾಕ್ಟರ್‌ಗೆ ಕಟ್ಟಿ ಮೇಲಿನ ಮರಡಿಗೆ, ಅಂದರೆ ಎತ್ತರದ ಗಟ್ಟಿ ನೆಲಕ್ಕೆ, ಒಯ್ಯಬೇಕು. ಅಣ್ಣ ಒಂದು ಹೇಳುತ್ತಿದ್ದ, ನಾನು ಒಂದು ಹೇಳುತ್ತಿದ್ದೆ. ಕೊನೆಗೆ ಎಲ್ಲವನ್ನೂ ಹಾಕಿಯೇ ನೋಡಿದೆವು.

ಅಣ್ಣನ ಒಲವು ಕಾಂಕ್ರೀಟ್ ಹಾಸಿನ ಕಡೆಗೆ. 4 ಇಂಚು ದಪ್ಪಕ್ಕೇ ಅದರ ಭಾರ ಸುಮಾರು 1,800 ಕೆ.ಜಿ. ಆಗುತ್ತದೆ. ಗಟ್ಟಿಯಾಗಿ ಕೂತಿರುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ ಮಳೆಗಾಲದಲ್ಲಿ ಅಂಚಿನ ಮಣ್ಣು ಮೊದಲು ನೆನೆದು ಮೇಲೇಳುತ್ತದೆ, ನಡುವಿನದು ಒಣಗಿಯೇ ಇರುತ್ತದೆ. ಬೇಸಿಗೆಯಲ್ಲಿ ಉಲ್ಟಾ, ಅಂಚು ಒಣಗಿ ಕುಗ್ಗುತ್ತದೆ, ನಡು ಉಬ್ಬಿಕೊಂಡೇ ಇರುತ್ತದೆ. ಹಾಸು ಮೂಲೆಯಿಂದ ಸೀಳಿತು. ಕ್ಯಾಬಿನ್ ಹೋದ ಮೇಲೂ ಅದು ಹೊಲದಲ್ಲೇ ಬಿದ್ದಿರುತ್ತದೆ, ನೇಗಿಲಿಗೆ ಅಡ್ಡ. ಕಾಯಂ ಮನೆಯಾದರೆ ಎರೆ ಮಣ್ಣಿಗೆ ಅಂಡರ್‌ರೀಮ್ಡ್ ಪೈಲ್ ಇದೆ. ಬುಡದಲ್ಲಿ ಅಗಲ ಮಾಡಿದ ಕಾಂಕ್ರೀಟ್ ಕಂಬವನ್ನು ಮಣ್ಣು ಅಲ್ಲಾಡದ ಆಳಕ್ಕೆ ಇಳಿಸುತ್ತಾರೆ. ಎಳೆದೊಯ್ಯುವ ಕ್ಯಾಬಿನ್ನಿಗೆ ಅಷ್ಟು ಖರ್ಚು ಯಾಕೆ?

ಎರಡನೆಯದು ಶಹಾಬಾದ್ ಕಲ್ಲು. ಎರಡು ಅಡಿ ಚೌಕದ ಫರಸಿಗಳನ್ನು ನಾಲ್ಕು ಮೂಲೆಗೆ, ಉದ್ದದ ನಡುವೆ ಎರಡು ಕಡೆ, ನೇರ ಮಣ್ಣಿನ ಮೇಲೆ ಪೇರಿಸಿ ಕ್ಯಾಬಿನ್ ಕೂರಿಸುವುದು. ನಮ್ಮ ಜಿಲ್ಲೆಯದೇ ಕಲ್ಲು, ಅಗ್ಗ, ಯಾವಾಗ ಬೇಕಾದರೂ ಎತ್ತಬಹುದು. ತೊಂದರೆ ಅಂದರೆ ಒಂದೊಂದು ಮೂಲೆ ಒಂದೊಂದು ಲೆಕ್ಕದಲ್ಲಿ ಏಳುತ್ತದೆ. ಅದು ಮೊದಲು ಗೊತ್ತಾಗುವುದು ಬಾಗಿಲಲ್ಲಿ. ಜೂನ್‌ನಲ್ಲಿ ಸಲೀಸಾಗಿ ಬೀಳುತ್ತಿದ್ದ ಚಿಲಕ ಆಗಸ್ಟ್ ಹೊತ್ತಿಗೆ ತೂತಿಗಿಂತ ಅರ್ಧ ಬೆರಳು ಕೆಳಗೆ ನಿಲ್ಲುತ್ತದೆ. ಬೀದರ್ ಕಡೆಯ ಗಟ್ಟಿ ಕೆಂಪು ನೆಲದಲ್ಲಾದರೆ ಇಷ್ಟೇ ಸಾಕು. ನಮ್ಮ ಮರಡಿಯಲ್ಲೂ ಸಾಕಾಗಿದೆ.

ಎರೆಯಲ್ಲಿ ಗೆದ್ದದ್ದು ಮೂರನೆಯದು, ಗರಸಿನ (ಕಲ್ಲು ಬೆರೆತ ಗಟ್ಟಿ ಮಣ್ಣಿನ) ಹಾಸು. ಒಂದೂವರೆ ಅಡಿ ಎರೆ ಮಣ್ಣು ತೆಗೆದು ಗರಸು ತುಂಬಬೇಕು. ಅರ್ಧರ್ಧ ಅಡಿಯ ಪದರ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸು ಹೊಡೆಯಬೇಕು. ಗುಂಡಿ ಮುಚ್ಚಿತು ಅಂತ ಅಲ್ಲಿಗೇ ನಿಲ್ಲಿಸಬಾರದು. ನಿಲ್ಲಿಸಿದರೆ ಅದು ನೀರು ತುಂಬಿಟ್ಟ ಬಾನಿಯ ಹಾಗಾಗುತ್ತದೆ. ಸುತ್ತಲಿನ ಎರೆ ನೀರನ್ನು ಹೊರಗೆ ಬಿಡುವುದಿಲ್ಲ, ಅಡಿಯ ಮಣ್ಣು ಉಬ್ಬುತ್ತಲೇ ಇರುತ್ತದೆ. ಅದಕ್ಕೇ ಗರಸನ್ನು ಹೊಲದ ಮಟ್ಟಕ್ಕಿಂತ ಅರ್ಧ ಅಡಿ ಮೇಲೆ ತಂದು, ಗುಂಡಿಯ ತಳದಿಂದಲೇ ಇಳಿಜಾರಿನ ಕಡೆಗೆ ಒಂದು ಬಸಿಗಾಲುವೆ ತೆಗೆದೆವು. ಗರಸಿನ ಮೇಲೆ ಫರಸಿ, ಅದರ ಮೇಲೆ ಕ್ಯಾಬಿನ್. ನೆಲ ಇಲ್ಲೂ ಸ್ವಲ್ಪ ಅಲ್ಲಾಡುತ್ತದೆ. ಆದರೆ ನೀರು ತುಂಬಿದ ಮಟ್ಟದ ಪೈಪು ಹಿಡಿದು, ಜಾಕ್ ಕೊಟ್ಟು, ತಗ್ಗಿದ ಮೂಲೆಗೆ ತೆಳು ಫರಸಿ ಸೇರಿಸಿದರೆ ಕೆಲಸ ಮುಗಿಯಿತು. ಈ ಮಣ್ಣಿಗೆ ಬೇಕಾದದ್ದು ಸರಿಪಡಿಸಿಕೊಳ್ಳಲು ಬರುವ ಬುನಾದಿ.

ಕ್ಯಾಬಿನ್ನಿನ ಅಡಿಗೆ ಉದ್ದಕ್ಕೂ 4 ಇಂಚಿನ ಎರಡು ಕಬ್ಬಿಣದ ಚಾನಲ್ ಇವೆ. ತುದಿಗಳನ್ನು ಓರೆಯಾಗಿ ಮೇಲಕ್ಕೆ ಕೊಯ್ಸಿದ್ದೇವೆ, ಎಳೆಯುವಾಗ ಮಣ್ಣಿಗೆ ಚುಚ್ಚುವುದಿಲ್ಲ. ಹಳೇ ಟ್ರಾಲಿಯ ಗಾಲಿ ಹಾಕಿಯೂ ನೋಡಿದೆವು. ಒಯ್ಯುವುದು ಹಗುರ, ಆದರೆ ಕ್ಯಾಬಿನ್ ಎತ್ತರವಾಗಿ ಗಾಳಿಗೆ ತೂಗುತ್ತಿತ್ತು. ವಯಸ್ಸಾದ ಅವ್ವನಿಗೆ ಹತ್ತಿ ಇಳಿಯುವುದೂ ಕಷ್ಟ. ತೆಗೆಸಿಬಿಟ್ಟೆವು.

ಕ್ಯಾಬಿನ್ನಿನ ಒಳಗಿನ ನೆಲಕ್ಕೆ ಬಂದರೆ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಫರಸಿಯಷ್ಟು ತಂಪು ಬೇರೆ ಇಲ್ಲ. ಮಧ್ಯಾಹ್ನ ಬರಿಗಾಲಲ್ಲಿ ನಿಂತರೆ ಜೀವ ಹಾಯ್ ಅನ್ನುತ್ತದೆ. ಆದರೆ ಒಂದು ಇಂಚು ದಪ್ಪಕ್ಕೇ ಇಡೀ ನೆಲ ಸುಮಾರು 490 ಕೆ.ಜಿ. ಆಗುತ್ತದೆ, ಎಳೆಯುವಾಗ ಚೌಕಟ್ಟು ಸ್ವಲ್ಪ ತಿರುಚಿದರೂ ಕಲ್ಲು ಬಿರಿಯುತ್ತದೆ. 18 ಮಿ.ಮೀ. ಪ್ಲೈವುಡ್ 100 ಕೆ.ಜಿ. ಒಳಗೇ ಮುಗಿಯುತ್ತದೆ. ಅದಕ್ಕೆ ಗೆದ್ದಲಿನ ಕಾಟ, ಅಡಿಯಿಂದ ತೇವದ ಕಾಟ. ಅಷ್ಟೇ ದಪ್ಪದ ಸಿಮೆಂಟ್ ಬೋರ್ಡ್ 170 ಕೆ.ಜಿ. ಆಸುಪಾಸು ಬರುತ್ತದೆ, ಗೆದ್ದಲು ಹತ್ತುವುದಿಲ್ಲ. ನಾವು ಉಳಿಸಿಕೊಂಡಿರುವುದು ಇದನ್ನೇ. ಒಂದೂವರೆ ಅಡಿಗೊಂದು ಕಬ್ಬಿಣದ ಪಟ್ಟಿ ಕೊಡಿ, ತೂತು ಕೊರೆದೇ ಸ್ಕ್ರೂ ಹಾಕಿ, ಇಲ್ಲದಿದ್ದರೆ ಅಂಚು ಒಡೆಯುತ್ತದೆ. ಬೋರ್ಡ್ ಕೂರಿಸುವ ಮುಂಚೆ ಚೌಕಟ್ಟಿನ ಅಡಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿಸಿ, ಆಮೇಲೆ ಕೈ ಹೋಗುವುದಿಲ್ಲ.

ಹಗುರ ಕ್ಯಾಬಿನ್ನಿಗೆ ಏಪ್ರಿಲ್, ಮೇ ತಿಂಗಳ ಬಿರುಗಾಳಿಯ ಭಯ ಇದ್ದೇ ಇದೆ. ಎರೆಯಲ್ಲಿ ಬಡಿದ ಗೂಟ ಬಿರುಕು ಬಿಟ್ಟಾಗ ಸಡಿಲಾಗುತ್ತದೆ. ನಾವು ನಾಲ್ಕು ಮೂಲೆಗೂ ದೊಡ್ಡ ಕಲ್ಲು ಹೂತು, ಅದಕ್ಕೆ ಸರಪಳಿ ಬಿಗಿದಿದ್ದೇವೆ. ಯುಗಾದಿ ಹೊತ್ತಿಗೆ ಒಮ್ಮೆ ಬಿಗಿ ನೋಡುತ್ತೇವೆ, ಮೊದಲ ದೊಡ್ಡ ಮಳೆ ಆದ ಮೇಲೆ ಇನ್ನೊಮ್ಮೆ.