ಟೆಸ್ಟ್ ಹಸಿರಾಯ್ತು, ಬಟನ್ ಮಾತ್ರ ಒತ್ತೋಕಾಗ್ತಿರಲಿಲ್ಲ

ವೆಬ್‌ಸೈಟ್ ಪರೀಕ್ಷಿಸಲು ಬ್ರೌಸರ್ ಅನ್ನು ತಾನೇ ಓಡಿಸುವ ಸಾಧನ ಸೆಲೆನಿಯಂ. ಅದರಲ್ಲಿ ಕ್ಲಿಕ್ ಕೈಕೊಟ್ಟಾಗಲೆಲ್ಲ ಜಾವಾಸ್ಕ್ರಿಪ್ಟ್ ಕ್ಲಿಕ್ (ಪುಟದೊಳಗಿನ ಕೋಡ್‌ನಿಂದಲೇ ಬಟನ್ ಒತ್ತಿಸುವುದು) ಹಾಕಿ ಮುಂದೆ ಹೋಗುವ ಚಾಳಿ ನಿಮಗಿದೆಯಾ? ನನಗೂ ಇತ್ತು. ಅದರಿಂದ ಅರ್ಧ ದಿನ ಗ್ರಾಹಕರ ಬೈಗುಳ ತಿಂದೆವು.

ನಾನು ನೋಡಿಕೊಳ್ಳುತ್ತಿದ್ದದ್ದು ಒಂದು ಬುಕಿಂಗ್ ಸೈಟ್‌ನ ಟೆಸ್ಟ್‌ಗಳು. ರಾತ್ರಿ ಸರ್ವರ್‌ನಲ್ಲಿ ಹೆಡ್‌ಲೆಸ್ ಕ್ರೋಮ್‌ನಲ್ಲಿ, ಅಂದರೆ ಪರದೆಯ ಮೇಲೆ ಕಾಣಿಸಿಕೊಳ್ಳದೆ ಓಡುವ ಕ್ರೋಮ್‌ನಲ್ಲಿ, ಓಡುತ್ತಿದ್ದವು. ರಿಲೀಸ್ ದಿನ ಬೆಳಿಗ್ಗೆ ಬಂದು ನೋಡಿದರೆ ಪೇಮೆಂಟ್ ಟೆಸ್ಟ್ ಕೆಂಪು, ಅಂದರೆ ಫೇಲ್. 'ಎಲಿಮೆಂಟ್ ಕ್ಲಿಕ್ ಇಂಟರ್‌ಸೆಪ್ಟೆಡ್' ಅನ್ನುವ ಎರರ್. ಬಟನ್ ಮೇಲೆ ಇನ್ನೇನೋ ಕೂತಿದೆ ಅಂತ ಅರ್ಥ. ಕೂತಿರುವುದು ಯಾವುದು ಅಂತಲೂ ಆ ಸಾಲಿನಲ್ಲೇ ಇರುತ್ತದೆ. ನಾನು ಅಲ್ಲಿಯವರೆಗೆ ಓದಲೇ ಇಲ್ಲ. ನನ್ನ ದೊಡ್ಡ ಮಾನಿಟರ್‌ನಲ್ಲಿ ಪುಟ ತೆರೆದು ಬಟನ್ ಒತ್ತಿದೆ, ಸರಿಯಾಗಿ ಕೆಲಸ ಮಾಡಿತು. ಸೆಲೆನಿಯಂದೇ ತರಲೆ ಅಂದುಕೊಂಡು ಜಾವಾಸ್ಕ್ರಿಪ್ಟ್ ಕ್ಲಿಕ್ ಹಾಕಿದೆ. ಹಸಿರು! ಕಾಫಿಗೆ ಹೋದೆ.

ಮಧ್ಯಾಹ್ನದಿಂದ ದೂರುಗಳು ಶುರು. ಆ ರಿಲೀಸ್‌ನಲ್ಲಿ ಹೊಸದಾಗಿ ಬಂದ ಚಾಟ್ ಪೆಟ್ಟಿಗೆ ಸಣ್ಣ ಪರದೆಗಳಲ್ಲಿ ಪೇಮೆಂಟ್ ಬಟನ್‌ನ ಮೇಲೇ ಬಂದು ಕೂರುತ್ತಿತ್ತು. ನಾವು ಹೆಡ್‌ಲೆಸ್‌ಗೆ ಅಳತೆ ಕೊಟ್ಟಿರಲಿಲ್ಲ, ಹಾಗಾಗಿ ಅದರ ಕಿಟಕಿ ಬರೀ 800×600. ನನಗೆ ಕಾಣದ್ದು ಅದಕ್ಕೆ ಕಂಡಿತ್ತು. ನಿಜ ಹೇಳಿದ ಟೆಸ್ಟ್‌ನ ಬಾಯಿ ಮುಚ್ಚಿಸಿದವನು ನಾನೇ.

ಮಾಮೂಲಿ ಕ್ಲಿಕ್ ಬಟನ್‌ನ ನಡುಮಧ್ಯಕ್ಕೆ ಹೋಗಿ, ಅಲ್ಲಿ ಮೇಲೆ ಬೇರೆ ಏನಾದರೂ ಇದ್ದರೆ ತಕರಾರು ಎತ್ತುತ್ತದೆ. ಜಾವಾಸ್ಕ್ರಿಪ್ಟ್ ಕ್ಲಿಕ್‌ಗೆ ಅದ್ಯಾವುದೂ ಬೇಕಿಲ್ಲ. ಮೇಲೆ ಗೋಡೆ ಕಟ್ಟಿದ್ದರೂ ಒತ್ತಿಬಿಡುತ್ತದೆ. ಪ್ಲೇರೈಟ್, ಸೈಪ್ರೆಸ್ ಥರದ ಬೇರೆ ಟೆಸ್ಟ್ ಸಾಧನ ಬಳಸುವವರು ನಗಬೇಡಿ. ನಿಮ್ಮ 'ಫೋರ್ಸ್' ಆಯ್ಕೆಯೂ ಇಂಥ ತಪಾಸಣೆಗಳನ್ನೇ ಬಿಟ್ಟುಬಿಡುತ್ತದೆ.

ಆಮೇಲೆ ನಮ್ಮ ಟೆಸ್ಟ್ ಕೋಡ್ ಪೂರ್ತಿ ಹುಡುಕಿದರೆ ಇಂಥ ಜಾವಾಸ್ಕ್ರಿಪ್ಟ್ ಕ್ಲಿಕ್‌ಗಳು ಹದಿನೈದಿಪ್ಪತ್ತು ಕಡೆ ಸಿಕ್ಕವು. ಜಾಸ್ತಿ ನನ್ನವೇ. ಒಂದೊಂದಾಗಿ ತೆಗೆದೆವು. ಹೆಚ್ಚಿನ ಕಡೆ ಲೋಡಿಂಗ್ ಪರದೆ ಸರಿಯುವ ಮೊದಲೇ ಕ್ಲಿಕ್ ಆಗುತ್ತಿತ್ತು, ಅದು ಮರೆಯಾಗುವ ತನಕ ಎಕ್ಸ್‌ಪ್ಲಿಸಿಟ್ ವೇಟ್ ಹಾಕಿದರೆ ಸಾಕಾಯ್ತು. (ಸುಮ್ನೆ 5 ಸೆಕೆಂಡ್ ಕಾಯಿಸುವ ಸ್ಲೀಪ್ ಹಾಕುವುದು ಇನ್ನೊಂದು ರೋಗ, ಅದರ ಕಥೆ ಬೇರೆ.) ಎರಡು ಕಡೆ ಮಾತ್ರ ನಿಜವಾದ ಬಗ್ ಇತ್ತು. ಎಷ್ಟು ತಿಂಗಳಿಂದ ಇತ್ತೋ!

ಈಗ ಕಿಟಕಿಯ ಅಳತೆ ನಾವೇ ಕೊಡುತ್ತೇವೆ, ಫೋನ್ ಅಗಲದಲ್ಲೂ ಒಮ್ಮೆ ಓಡಿಸುತ್ತೇವೆ. ಹಳೇ ಕ್ಯಾಲೆಂಡರ್ ಪುಟದಲ್ಲಿ ಒಂದು ಜಾವಾಸ್ಕ್ರಿಪ್ಟ್ ಕ್ಲಿಕ್ ಇನ್ನೂ ಉಳಿದಿದೆ. ಯಾಕೆ ಹಾಕಿದ್ದು ಅಂತ ಪಕ್ಕದಲ್ಲೇ ಬರೆದು, ನನ್ನ ಹೆಸರನ್ನೂ ಹಾಕಿಟ್ಟಿದ್ದೇನೆ.