ಪೆಟ್ಟಿಗೆಯ ಮೇಲಿನ ವ್ಯಾಟ್ ನೋಡಿ ಸಬ್‌ವೂಫರ್ ಕೊಳ್ಳಬೇಡಿ

ಕಾರಿಗೆ ಸಬ್‌ವೂಫರ್, ಅಂದರೆ ಬೇಸ್ ನುಡಿಸುವ ದೊಡ್ಡ ಸ್ಪೀಕರ್, ಹಾಕಿಸಬೇಕೆಂದಿರುವವರು ಹಣ ಕೊಡುವ ಮುನ್ನ ಇದನ್ನು ಓದಲಿ ಎಂಬ ಒಂದೇ ಉದ್ದೇಶದಿಂದ ಬರೆಯುತ್ತಿದ್ದೇನೆ. ಮೂರೇ ತಿಂಗಳಲ್ಲಿ ನಾನು ಹೊಚ್ಚ ಹೊಸ 12 ಇಂಚಿನ ಸಬ್‌ವೂಫರ್ ಒಂದನ್ನು ಸುಟ್ಟುಕೊಂಡೆ. ಅದು ಕೇವಲ ಹಣದ ನಷ್ಟ. ಅದನ್ನು ಬಿಚ್ಚಿಸುವಾಗ ಕಣ್ಣಿಗೆ ಬಿದ್ದ ವೈರಿನ ಸ್ಥಿತಿಯನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ, ಏಕೆಂದರೆ ಆ ಮೂರು ತಿಂಗಳೂ ಅದೇ ಕಾರಿನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಓಡಾಡಿದ್ದೆ.

ತಪ್ಪು ಶುರುವಾದದ್ದು ಆಯ್ಕೆಯಲ್ಲೇ. ಸಬ್‌ವೂಫರಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 1000 ವ್ಯಾಟ್ ಎಂದಿತ್ತು, ಅದಕ್ಕೆ ಶಕ್ತಿ ಉಣಿಸುವ ಆಂಪ್ಲಿಫೈಯರಿನ (ಆಂಪ್) ಪೆಟ್ಟಿಗೆಯ ಮೇಲೂ 1000 ವ್ಯಾಟ್ ಎಂದಿತ್ತು. ಎರಡೂ ಸರಿಹೊಂದುತ್ತವೆ ಎಂದು ನಾನೂ ನಂಬಿದೆ, ಮಾರಿದವರೂ ಹೌದೆಂದರು. ಆ ಅಂಕಿ ಗರಿಷ್ಠ ಸಾಮರ್ಥ್ಯದ್ದು. ಅದನ್ನು ಹೇಗೆ ಅಳೆದರು, ಎಷ್ಟು ಹೊತ್ತು ಅಳೆದರು ಎಂಬುದಕ್ಕೆ ಯಾವ ಲೆಕ್ಕವೂ ಇರುವುದಿಲ್ಲ. ನಿಜವಾಗಿ ನೋಡಬೇಕಾದದ್ದು ಆರ್‌ಎಂಎಸ್ ಅಂಕಿ, ಅಂದರೆ ನಿರಂತರವಾಗಿ ಕೊಡಬಲ್ಲ ಅಥವಾ ತಡೆದುಕೊಳ್ಳಬಲ್ಲ ಶಕ್ತಿ. ಕೈಪಿಡಿಯ ಒಳಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ, ಸಬ್‌ವೂಫರಿನ ಆರ್‌ಎಂಎಸ್ 200 ವ್ಯಾಟ್ ಎಂದೂ, ಆಂಪಿನ ಎರಡು ಚಾನೆಲ್‌ಗಳನ್ನು ಬ್ರಿಡ್ಜ್ ಮಾಡಿದರೆ, ಅಂದರೆ ಒಂದೇ ಸ್ಪೀಕರಿಗೆ ಒಟ್ಟುಗೂಡಿಸಿದರೆ, 4 ಓಮ್‌ಗೆ (ಓಮ್ ಎಂದರೆ ವಿದ್ಯುತ್ ರೋಧದ ಅಳತೆ) 300 ವ್ಯಾಟ್ ಎಂದೂ ಬರೆದಿತ್ತು. ನಾನು ಅದನ್ನು ಓದಿದ್ದು ಎಲ್ಲ ಮುಗಿದ ಮೇಲೆ.

ಕೈಪಿಡಿ ಸಿಗದಿದ್ದರೂ ಆಂಪಿನ ಮೈಮೇಲಿರುವ ಫ್ಯೂಸ್ ಸುಳ್ಳು ಹೇಳುವುದಿಲ್ಲ. ನನ್ನದರಲ್ಲಿ 20 ಆಂಪಿಯರಿನ ಎರಡು ಫ್ಯೂಸುಗಳಿದ್ದವು. ಎಂಜಿನ್ ಓಡುವಾಗ ಸಿಗುವ ಸುಮಾರು 13.8 ವೋಲ್ಟಿಗೆ 40 ಆಂಪಿಯರ್ ಗುಣಿಸಿದರೆ ಒಳಗೆ ಹೋಗುವುದೇ ಸುಮಾರು 550 ವ್ಯಾಟ್. ಕ್ಲಾಸ್ ಎಬಿ ಎಂಬ ಬಗೆಯ ಆಂಪ್‌ನಲ್ಲಿ ಅದರ ಅರ್ಧದಷ್ಟು ಶಾಖವಾಗಿ ಹೋಗುತ್ತದೆ. ಕ್ಲಾಸ್ ಡಿ ಎಂಬ ಬಗೆಯದಾದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಹೊರಬರಬಹುದು. 1000 ವ್ಯಾಟ್ ನಿರಂತರವಾಗಿ ಹೊರಬರಬೇಕಾದರೆ, ಏನೇನೂ ನಷ್ಟವಾಗದಿದ್ದರೂ 72 ಆಂಪಿಯರ್ ಬೇಕು. ಇಷ್ಟು ಲೆಕ್ಕವನ್ನು ಅಂಗಡಿಯಲ್ಲಿ ನಿಂತೇ ಮಾಡಬಹುದಿತ್ತು.

ಇದಕ್ಕಿಂತ ದೊಡ್ಡ ತಪ್ಪು ಓಮ್‌ನದು, ಮತ್ತು ಈ ವಿಷಯವನ್ನು ಮಾರುವವರು ತಾವಾಗಿ ಎತ್ತುವುದೇ ಇಲ್ಲ. ನಾನು ಕೊಂಡದ್ದು 4 ಓಮ್‌ನ ಎರಡು ವಾಯ್ಸ್ ಕಾಯಿಲ್‌ಗಳಿದ್ದ, ಅಂದರೆ ಸ್ಪೀಕರಿನ ಪರದೆಯನ್ನು (ಕೋನ್) ಅಲುಗಿಸುವ ಎರಡು ತಂತಿ ಸುರುಳಿಗಳಿದ್ದ ಸಬ್‌ವೂಫರ್. ಅವನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್ ಆಗುತ್ತದೆ, ಸರಣಿಯಲ್ಲಿ ಜೋಡಿಸಿದರೆ 8 ಓಮ್ ಆಗುತ್ತದೆ. ಒಂದೇ ಸಬ್‌ವೂಫರ್ ಇರುವಾಗ ಎರಡೂ ಕಾಯಿಲ್ ಬಳಸಿ 4 ಓಮ್ ಪಡೆಯುವ ದಾರಿಯೇ ಇಲ್ಲ. ನನ್ನ ಆಂಪಿಗೋ ಬ್ರಿಡ್ಜ್ ಮಾಡಿದಾಗ 4 ಓಮ್‌ಗಿಂತ ಕಡಿಮೆ ಕೊಡುವಂತಿರಲಿಲ್ಲ, ಏಕೆಂದರೆ ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲಿನ ಮೇಲೆ ಬೀಳುವುದು ಅದರ ಅರ್ಧದಷ್ಟು ಓಮ್‌ನ ಹೊರೆ, ಓಮ್ ಕಡಿಮೆಯಾದಷ್ಟೂ ಆಂಪ್ ಹೆಚ್ಚು ಕರೆಂಟ್ ಕೊಡಬೇಕಾಗುತ್ತದೆ. ಹೀಗಾಗಿ ಇವೆರಡೂ ಕೊಂಡ ದಿನವೇ ಜೋಡಿಯಲ್ಲ. ಅದೇ ಸಬ್‌ವೂಫರಿನ 2 ಓಮ್ ಜೋಡಿ ಕಾಯಿಲ್‌ಗಳ ಮಾದರಿ ಪಕ್ಕದಲ್ಲೇ ಇತ್ತು. ಅದನ್ನು ಸರಣಿಯಲ್ಲಿ ಜೋಡಿಸಿದ್ದರೆ ಸರಿಯಾಗಿ 4 ಓಮ್ ಬರುತ್ತಿತ್ತು. ಕೊಂಡ ಮೇಲೆ ಕಾಯಿಲ್ ಬದಲಿಸುವಂತಿಲ್ಲ, ಆದ್ದರಿಂದ ಎಷ್ಟು ಓಮ್‌ಗೆ ಜೋಡಿಸುತ್ತೇನೆ ಎಂದು ಮೊದಲು ನಿರ್ಧರಿಸಿ, ಆಮೇಲೆ ಸಬ್‌ವೂಫರನ್ನು ಆರಿಸಬೇಕು.

ಅಳವಡಿಸಿದವರು ಮೊದಲು 2 ಓಮ್‌ಗೆ ಜೋಡಿಸಿದರು. ಧ್ವನಿ ಏರಿಸಿದ ಹತ್ತು ನಿಮಿಷಕ್ಕೆ ಆಂಪ್ ತನ್ನನ್ನು ಕಾಪಾಡಿಕೊಳ್ಳಲು ನಿಲ್ಲುವಾಗ ಹೊತ್ತುವ ಪ್ರೊಟೆಕ್ಟ್ ದೀಪ ಕೆಂಪಗೆ ಹೊತ್ತಿ ಬೇಸ್ ನಿಂತುಹೋಗುತ್ತಿತ್ತು. ಆಂಪಿನ ಮೈ ಮುಟ್ಟಲಾಗದಷ್ಟು ಬಿಸಿಯಾಗಿರುತ್ತಿತ್ತು. ದೂರಿದಾಗ ಅವರು 8 ಓಮ್‌ಗೆ ಬದಲಿಸಿದರು. ದೀಪ ಹೊತ್ತುವುದು ನಿಂತಿತು, ಆದರೆ ಓಮ್ ಇಮ್ಮಡಿಯಾದಾಗ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿದು 150 ವ್ಯಾಟಿನ ಆಸುಪಾಸಿಗೆ ಬಂತು, ಬೇಸ್ ಸಪ್ಪಗಾಯಿತು. ಆಗ ನಾನು ಮಾಡಿದ ಕೆಲಸವನ್ನು ಯಾರೂ ಮಾಡಬಾರದು: ಗೇನ್ ತಿರುಪನ್ನು ಕೊನೆಯವರೆಗೆ ತಿರುಗಿಸಿದೆ, ಬೇಸ್ ಬೂಸ್ಟನ್ನೂ 12 ಡೆಸಿಬಲ್‌ಗೆ ಏರಿಸಿದೆ.

ಗೇನ್ ಎಂಬುದು ಧ್ವನಿಯ ಗುಂಡಿಯಲ್ಲ. ಸ್ಟೀರಿಯೊದಿಂದ ಬರುವ ಸಂಕೇತದ ವೋಲ್ಟೇಜಿಗೆ ಆಂಪನ್ನು ಹೊಂದಿಸುವ ತಿರುಪು ಅದು. 3 ಡೆಸಿಬಲ್ ಏರಿಕೆ ಎಂದರೆ ಇಮ್ಮಡಿ ಶಕ್ತಿಯ ಬೇಡಿಕೆ. 12 ಡೆಸಿಬಲ್ ಎಂದರೆ ಹದಿನಾರು ಪಟ್ಟು. ಅಷ್ಟನ್ನು ಕೊಡಲಾಗದ ಆಂಪ್ ಅಲೆಯ ತುದಿಗಳನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಇದಕ್ಕೇ ಕ್ಲಿಪ್ಪಿಂಗ್ ಎನ್ನುತ್ತಾರೆ. ಪೂರ್ತಿ ಚಪ್ಪಟೆಯಾದ ಅಲೆಯ ಸರಾಸರಿ ಶಕ್ತಿ ಅಷ್ಟೇ ಎತ್ತರದ ಶುದ್ಧ ಅಲೆಯ ಎರಡು ಪಟ್ಟು ಇರುತ್ತದೆ. ಹೀಗೆ 150 ವ್ಯಾಟಿನ ಆಂಪ್, 200 ವ್ಯಾಟ್ ತಡೆಯಬಲ್ಲ ಕಾಯಿಲ್‌ಗಳಿಗೆ 300 ವ್ಯಾಟಿನ ಹತ್ತಿರಹತ್ತಿರದ ಶಾಖ ಉಣಿಸುತ್ತಿತ್ತು. ಆಂಪ್ ಸಣ್ಣದಾಗಿದ್ದರೆ ಸಬ್‌ವೂಫರಿಗೆ ಅಪಾಯವಿಲ್ಲ ಎಂಬ ಮಾತನ್ನು ಇನ್ನು ಮುಂದೆ ಯಾರು ಹೇಳಿದರೂ ನಂಬಬೇಡಿ.

ಮೊದಲು ಬಂದದ್ದು ವಾಸನೆ. ಬಿಸಿಯಾದ ವಾರ್ನಿಷ್ ಮತ್ತು ಅಂಟು ಸೇರಿ ಸುಟ್ಟಂಥ ಘಾಟು. ಮರುದಿನ ಬೇಸ್ ಪೂರ್ತಿ ನಿಂತಿತ್ತು. ಎರಡೂ ಅಂಗೈಗಳಿಂದ ಕೋನನ್ನು ಮೆಲ್ಲಗೆ ಒತ್ತಿದರೆ ಒಳಗೆ ಕರಕರ ಎಂದು ಉಜ್ಜುವ ಸದ್ದು. ಮಲ್ಟಿಮೀಟರ್ ಇಟ್ಟಾಗ ಒಂದು ಕಾಯಿಲ್ 3.5 ಓಮ್ ತೋರಿಸಿತು, ಇನ್ನೊಂದು ಏನನ್ನೂ ತೋರಿಸಲಿಲ್ಲ. ತಂತಿ ಒಳಗೇ ಕಡಿದಿತ್ತು. ಸುಟ್ಟ ಕಾಯಿಲಿಗೆ ವಾರಂಟಿ ಇಲ್ಲವೆಂದರು.

ಸಬ್‌ವೂಫರನ್ನು ಬದಲಿಸಲು ಎಲ್ಲವನ್ನೂ ಬಿಚ್ಚಿಸಿದಾಗ ಬ್ಯಾಟರಿಯಿಂದ ಬರುವ ಕೆಂಪು ವೈರನ್ನು ನೋಡಿದೆ. ಎಂಜಿನ್ ಕೋಣೆಯಿಂದ ಅದು ಕಾರಿನೊಳಗೆ ನುಗ್ಗುವ ಕಡೆ, ತಗಡಿನ ತೂತಿಗೆ ರಬ್ಬರ್ ಬಳೆ ಹಾಕಿರಲಿಲ್ಲ. ತಗಡಿನ ಅಂಚು ವೈರಿನ ಹೊದಿಕೆಯನ್ನು ಬೆರಳುಗುರಿನಷ್ಟು ಅಗಲಕ್ಕೆ ಕೊರೆದು, ಒಳಗಿನ ಎಳೆಗಳು ಹೊಳೆಯುತ್ತಿದ್ದವು. ಇನ್ನೊಂದು ಕೂದಲೆಳೆ ಸರಿದಿದ್ದರೆ ಬ್ಯಾಟರಿಯ ಪ್ಲಸ್ ನೇರವಾಗಿ ಕಾರಿನ ಮೈಗೆ ತಾಗುತ್ತಿತ್ತು. ಆಗ ಹರಿಯುವುದು ನೂರಾರು ಆಂಪಿಯರ್. ಅದನ್ನು ತಡೆಯಬೇಕಾದ ಫ್ಯೂಸನ್ನು ಬ್ಯಾಟರಿಯ ಬಳಿ ಹಾಕದೆ, ಹಿಂದಿನ ಸೀಟಿನಡಿ ಆಂಪಿನ ಪಕ್ಕದಲ್ಲಿ ಹಾಕಿದ್ದರು. ಅಲ್ಲಿರುವ ಫ್ಯೂಸ್ ಹಾರಿದರೂ ಬ್ಯಾಟರಿಯಿಂದ ತಗಡಿಗೆ ತಾಗಿದ ಕಡೆಯವರೆಗಿನ ವೈರ್ ಉರಿಯುತ್ತಲೇ ಇರುತ್ತದೆ. ವೈರೂ ಶುದ್ಧ ತಾಮ್ರದ್ದಲ್ಲ: ಒಂದು ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ ಕಂಡಿತು. ಅಲ್ಯೂಮಿನಿಯಂನ ರೋಧ ತಾಮ್ರದ ಸುಮಾರು 1.6 ಪಟ್ಟು, ಆದ್ದರಿಂದ ಅಷ್ಟೇ ದಪ್ಪದಲ್ಲಿ ಅದು ಹೆಚ್ಚು ಬಿಸಿಯಾಗುತ್ತದೆ.

ಎರಡನೆಯ ಸಲ ಅದೇ ಆಂಪನ್ನು ಉಳಿಸಿಕೊಂಡು, 300 ವ್ಯಾಟ್ ಆರ್‌ಎಂಎಸ್‌ನ, 2 ಓಮ್ ಜೋಡಿ ಕಾಯಿಲ್‌ಗಳ ಸಬ್‌ವೂಫರ್ ತಂದು ಸರಣಿಯಲ್ಲಿ ಜೋಡಿಸಿದೆ. ಹೊಸ ಆಂಪ್ ಕೊಳ್ಳುವವರು ಸಿಇಎ-2006 ಅಥವಾ ಅದರ ಈಗಿನ ಹೆಸರಾದ ಸಿಟಿಎ-2006 ಎಂಬ ಮಾನದಂಡದ ಗುರುತಿದೆಯೇ ನೋಡಲಿ, 14.4 ವೋಲ್ಟಿನಲ್ಲಿ, 4 ಓಮ್ ಹೊರೆಗೆ, ಶೇಕಡಾ 1ರೊಳಗಿನ ವಿರೂಪದಲ್ಲಿ ಅಳೆದ ಅಂಕಿ ಅದು. ಸಬ್‌ವೂಫರ್ ಕೂರಿಸುವ ಪೆಟ್ಟಿಗೆಯ ಒಳಗಾತ್ರವನ್ನು ತಯಾರಕರು ಹೇಳಿದಷ್ಟೇ ಇಟ್ಟೆ. ಗೇನ್ ಹೊಂದಿಸಲು ಬೇಸ್ ಬೂಸ್ಟನ್ನು ಸೊನ್ನೆಗಿಳಿಸಿ, ಸಬ್‌ವೂಫರಿನ ವೈರ್ ಕಳಚಿ, ಸ್ಟೀರಿಯೊವನ್ನು ಮುಕ್ಕಾಲು ಧ್ವನಿಯಲ್ಲಿಟ್ಟು 50 ಹರ್ಟ್ಸ್‌ನ ಶುದ್ಧ ಸ್ವರ ಹಾಕಿ, ಆಂಪಿನ ತುದಿಯಲ್ಲಿ ಎಸಿ ವೋಲ್ಟೇಜ್ ಅಳೆದೆ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ತಲುಪಬೇಕಾದ ವೋಲ್ಟೇಜ್ ಸಿಗುತ್ತದೆ. 300 ವ್ಯಾಟಿಗೆ, 4 ಓಮ್‌ಗೆ, 34.6 ವೋಲ್ಟ್. ನಾನು 33ಕ್ಕೇ ನಿಲ್ಲಿಸಿದೆ. ತಿರುಪು ಅರ್ಧದವರೆಗೂ ಹೋಗಲಿಲ್ಲ, ಆದರೂ ಬೇಸ್ ಮೊದಲಿಗಿಂತ ಗಟ್ಟಿಯಾಗಿಯೂ ಸ್ವಚ್ಛವಾಗಿಯೂ ಇದೆ.

ಈಗಾಗಲೇ ಹಾಕಿಸಿಕೊಂಡಿರುವವರು ಇಂದೇ ಬಾನೆಟ್ ಎತ್ತಿ ಬ್ಯಾಟರಿಯ ಪ್ಲಸ್‌ನಿಂದ ಹೊರಟ ಆ ವೈರನ್ನು ಕೈಯಲ್ಲಿ ಹಿಡಿದು ಸಾಗಿ. 45 ಸೆಂಟಿಮೀಟರಿನೊಳಗೆ, ಆ ವೈರಿನ ದಪ್ಪಕ್ಕೆ ತಕ್ಕ ಫ್ಯೂಸ್ ಸಿಗಬೇಕು; ತಗಡನ್ನು ದಾಟುವ ಕಡೆ ರಬ್ಬರ್ ಬಳೆ ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ, ಸರಿಪಡಿಸುವವರೆಗೆ ಆ ವೈರನ್ನು ಬ್ಯಾಟರಿಯಿಂದ ಬಿಚ್ಚಿ, ತುದಿಗೆ ಟೇಪ್ ಸುತ್ತಿಡಿ.