ಚಾಟ್, ಕಾಲ್, ವಿಡಿಯೋ, ಎದುರಾಎದುರು: ಕೌನ್ಸೆಲಿಂಗ್‌ಗೆ ನನಗೆ ಹೊಂದಿದ್ದು ಯಾವುದು?

ಯಾವ ಆ್ಯಪ್ ಒಳ್ಳೇದು ಅಂತ ಗೆಳತಿಯರು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಬಾಗಿಲು ಹಾಕಿಕೊಂಡು ಮುಕ್ಕಾಲು ತಾಸು ಮಾತಾಡಲು ನಿಮ್ಮ ಮನೆಯಲ್ಲಿ ಜಾಗ ಇದೆಯಾ? ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಇಲ್ಲ. ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೇ "ಏನಾತವಾ, ಆರಾಮಿಲ್ಲೇನು?" ಅಂತ ಅತ್ತೆಯ ದನಿ ಬರುತ್ತದೆ.

ಅದಕ್ಕೇ ಮೊದಲು ಚಾಟ್ ಹಿಡಿದೆ. ಸದ್ದಿಲ್ಲ, ಯಾರಿಗೂ ಗೊತ್ತಾಗಲ್ಲ. ಆದರೆ ಬರೆಯುವಾಗ ನಾನು ಅಳಿಸಿ ಅಳಿಸಿ ಚೆಂದ ಮಾಡುತ್ತಿದ್ದೆ. ಅಳುತ್ತಾ ಟೈಪ್ ಮಾಡಿದರೂ ಆ ಕಡೆಯವರಿಗೆ ಕಾಣುವುದು ಅಚ್ಚುಕಟ್ಟಾದ ನಾಲ್ಕು ಸಾಲು. ಉತ್ತರ ಬರುವಷ್ಟರಲ್ಲಿ ನನ್ನ ಮನಸ್ಸು ಬೇರೆ ಕಡೆ ಹೋಗಿರುತ್ತಿತ್ತು. ಮೇಲಾಗಿ ಆ ಆ್ಯಪ್‌ನಲ್ಲಿ ಕೌನ್ಸೆಲರ್ ಬದಲಾಗುತ್ತಲೇ ಇದ್ದರು, ಹಾಗಾಗಿ ನನ್ನ ಕಥೆ ಪ್ರತಿ ಸಲ ಮೊದಲಿಂದ ಶುರು. ಮಕ್ಕಳೂ ಮುಟ್ಟುವ ಫೋನಿನಲ್ಲಿ ಅಷ್ಟೆಲ್ಲ ಬರಹ ಉಳಿಯುತ್ತದಲ್ಲ, ಆ ಭಯ ಬೇರೆ.

ಆಡಿಯೋ ಕಾಲ್ ನನ್ನನ್ನು ಉಳಿಸಿತು ಅಂತಲೇ ಹೇಳುತ್ತೇನೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಉಣಕಲ್ ಕೆರೆ ದಂಡೆಯಲ್ಲಿ ನಡೆಯುತ್ತಾ ಮಾತಾಡುತ್ತಿದ್ದೆ. ಅಲ್ಲಿ ಸಂಜೆ ಎಲ್ಲರೂ ಫೋನಿನಲ್ಲೇ ಇರುತ್ತಾರೆ, ನಿಮ್ಮನ್ನು ಯಾರು ನೋಡಬೇಕು? ಮುಖ ಕಾಣದ ಕಾರಣಕ್ಕೋ ಏನೋ, ನಾಚಿಕೆಯೂ ಕಡಿಮೆ. ಬೆಳಿಗ್ಗೆ ಆಫೀಸಿನಿಂದ ಫೋನ್ ಬಂದರೆ ನನಗೆ ಎದೆ ಢವಢವ, ಎತ್ತುತ್ತಿರಲಿಲ್ಲ. ಎತ್ತದಿದ್ದರೆ ಆ ಕ್ಷಣಕ್ಕೆ ಹಗುರ, ಮರುದಿನ ಭಯ ಇನ್ನೂ ಜಾಸ್ತಿ. ತಪ್ಪಿಸಿಕೊಂಡಷ್ಟೂ ಆತಂಕ ಬೆಳೆಯುತ್ತದೆ ಅಂತ ಕೌನ್ಸೆಲರ್ ಬಿಡಿಸಿ ಹೇಳಿ ಮೆಟ್ಟಿಲು ಮೆಟ್ಟಿಲಾಗಿ ಕೆಲಸ ಕೊಟ್ಟರು. ಮೊದಲು ಸಹೋದ್ಯೋಗಿಗೆ ಫೋನ್, ಆಮೇಲೆ ಮೇಲಧಿಕಾರಿಗೆ ಚಿಕ್ಕ ಪ್ರಶ್ನೆ, ಕೊನೆಗೆ ಅವರ ಫೋನ್ ಬಂದ ಕೂಡಲೇ ಎತ್ತುವುದು. ಒಮ್ಮೆ ಮಾತಿನ ನಡುವೆಯೇ ಉಸಿರು ಕಟ್ಟಿದಂತಾದಾಗ, ಉಸಿರು ನಿಧಾನವಾಗಿ ಬಿಡಿ ಅಂತ ಅವರೂ ಜೊತೆಗೆ ಉಸಿರಾಡಿದರು. ಚಾಟ್‌ನಲ್ಲಿ ಇದು ಸಾಧ್ಯವೇ ಇಲ್ಲ.

ಗಂಡ ಹೆಂಡತಿ ಜಗಳಕ್ಕೆ ಮಾತ್ರ ಆಡಿಯೋ ಸಾಲದು. ಯಾರು ಮುಖ ತಿರುಗಿಸಿದರು, ಯಾರು ಹಲ್ಲು ಕಚ್ಚಿದರು ಅನ್ನುವುದು ಕೌನ್ಸೆಲರ್‌ಗೆ ಕಾಣಬೇಕು. ವಿಡಿಯೋದಲ್ಲಿ ಒಬ್ಬರು ಮಾತಾಡಿದ್ದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ಮತ್ತೆ ಹೇಳಬೇಕು, ಆಮೇಲೇ ಉತ್ತರ. ನಮ್ಮ ಮನೆಯವರು ಮೊದಮೊದಲು ನಕ್ಕರು. ಆದರೆ ನನ್ನ ದೂರನ್ನು ಅವರ ಬಾಯಲ್ಲೇ ಕೇಳಿದ ದಿನ ನನಗೇ ಅದು ಬೇರೆ ಥರ ಕಂಡಿತು. ವಿಡಿಯೋದ ತೊಂದರೆ ಅಂದರೆ, ಕಾಲ್ ಮುಗಿದ ಮರುಕ್ಷಣ ಇಬ್ಬರೂ ಅದೇ ಕೋಣೆಯಲ್ಲಿ. ಬಿಟ್ಟಲ್ಲಿಂದ ಜಗಳ ಶುರು.

ಧಾರವಾಡಕ್ಕೆ ಹೋಗಿ ಎದುರು ಕೂತಾಗ ಇದು ಆಗಲಿಲ್ಲ. ಚಿಗರಿ ಬಸ್ಸಿನಲ್ಲಿ ವಾಪಸ್ ಬರುವಷ್ಟರಲ್ಲಿ ಬಿಸಿ ಇಳಿದಿರುತ್ತಿತ್ತು. ಆದರೆ ಇಬ್ಬರಿಗೂ ಒಟ್ಟಿಗೆ ರಜೆ ಸಿಗಬೇಕಲ್ಲ! ದುಡ್ಡಿನಲ್ಲಿ ಹೆಚ್ಚು ಫರಕು ಇರಲಿಲ್ಲ, ಹೋಗಿದ್ದು ಸಮಯ.

ನಿದ್ದೆ, ಊಟ ಪೂರ್ತಿ ಕೆಟ್ಟಿದ್ದರೆ ಈ ಹೋಲಿಕೆಯೇ ಬೇಡ. ಕೌನ್ಸೆಲರ್ ಮಾತ್ರೆ ಬರೆಯುವಂತಿಲ್ಲ, ಮನೋವೈದ್ಯರನ್ನೇ ಕಾಣಬೇಕು. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ 1845ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಕಾಲಿಟ್ಟರೆ ಯಾರಾದರೂ ನೋಡಿಯಾರು ಅಂತ ಹೆದರುವವರು ಇನ್ನೂ ಇದ್ದಾರೆ, ನೋಡಲಿ ಬಿಡಿ. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. ನಂಬರ್ 14416, ಉಚಿತ, 24 ತಾಸೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಒಬ್ಬರೇ ಕೌನ್ಸೆಲರ್ ಜೊತೆ ತಿಂಗಳುಗಟ್ಟಲೆ ಮಾಡುವ ಕೆಲಸಕ್ಕೆ ಮಾತ್ರ ಬೇರೆಯದೇ ವ್ಯವಸ್ಥೆ ಬೇಕು.

ಈಗ ನನ್ನ ಆತಂಕಕ್ಕೆ ಆಡಿಯೋ, ನಮ್ಮಿಬ್ಬರಿಗೆ ವಿಡಿಯೋ. ಚಾಟ್ ಸಮಯ ಗೊತ್ತು ಮಾಡಲು ಅಷ್ಟೇ. ಯಾವುದನ್ನು ಹಿಡಿದರೂ ದುಡ್ಡು ಕಟ್ಟುವ ಮುಂಚೆ ಏನು ಓದಿದ್ದೀರಿ ಅಂತ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರಬೇಕು, ನಂಬರ್ ಕೇಳಿದರೆ ಕೊಡಬೇಕು. ನಾನು ಕೇಳಿದಾಗ ಒಬ್ಬರು ಸಿಟ್ಟಾದರು. ಅವರ ಹತ್ತಿರ ಹೋಗಲಿಲ್ಲ.